ಕೆರೆಯ ಹಸುರು ನೀರು

ಮಳೆ ನಿಂತು ಬಿಸಿಲೇರುವ ಕಾಲದಲ್ಲಿ ಅನೇಕ ಕೆರೆಗಳ ನೀರು ಹಸುರಾಗುವುದನ್ನು ಪಟೇಲರೂ ಜಮೀನುದಾರರೂ ಕಂಡೇ ಇರುವರು. ಇದನ್ನೆಲ್ಲ ಪಾಚಿಯೆಂಬ ಒಂದೇ ಹೆಸರಿನಿಂದ ಕರೆದು ಸುಮ್ಮನಾಗುವುದು ವಾಡಿಕೆ. ಆದರೆ ಆ ನೀರಿನ ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕ ಯಂತ್ರದಿಂದ ನೋಡಿದರೆ, ನಿರಪಾಯವಾದುದೂ ರಾಸುಗಳ ಪ್ರಾಣಕ್ಕೆ ಎರವಾಗತಕ್ಕುದೂ ಬೇರೆಬೇರೆಯಾಗಿ ಕಾಣುತ್ತವೆ.

ಹೀಗೆ ನೋಡಿದ ಮೊದಲಿಗರಲ್ಲಿ ಹಾಲೆಂಡ್ ದೇಶದ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಒಬ್ಬನು. 1674ರಲ್ಲಿ ಆತನು ಸಮೀಪದ ಸರೋವರದ ನೀರನ್ನು ತಾನೇ ಮಾಡಿಕೊಂಡ ಮಸೂರದಿಂದ ಪರೀಕ್ಷಿಸಿದನು. ಆ ನೀರು ಕೆಡುವುದು ಇಬ್ಬನಿಯಿಂದಲೆಂದು ಅಲ್ಲಿಯ ಹಳ್ಳಿಗರ ನಂಬಿಕೆ. ಆತನಿಗೆ ಕಂಡುದಾದರೋ ಸುರುಳಿ ಸುತ್ತಿದ ಹಸುರು ಪಟ್ಟಿಗಳೂ ಅವುಗಳ ನಡುವೆ ಓಡಾಡುವ ಅಸಂಖ್ಯ ಜೀವಿಗಳೂ.

ಆ ಸುರುಳಿಪಾಚಿಯು ನಮ್ಮ ಕೆರೆಗಳಲ್ಲಿಯೂ ಉಂಟು. ಕೂದಲಿನಂತೆ ಎಳೆಎಳೆಯಾಗಿ ಕೈಗೆ ಜಾರುವ ಇದರಿಂದ ಸಾಮಾನ್ಯವಾಗಿ ಭಯವಿಲ್ಲ. ಭಯಪಡಬೇಕಾದುದು ನೀಲಿಹಸುರು ಜಾತಿಯ ಮೈಕ್ರೊಸಿಸ್ಟಿಸ್ ಎಂಬುದಕ್ಕೆ. ಯಂತ್ರದಲ್ಲಿ ಇದು ಲೋಳೆಯೊಳಗೆ ಗುಂಪುಗೂಡಿದ ದುಂಡು ಕಣಗಳಾಗಿ ತೋರುತ್ತದೆ. ಪ್ರತಿ ಕಣದಲ್ಲಿಯೂ ಗಾಳಿ ತುಂಬಿದ ಅತಿಸೂಕ್ಷ್ಮ ಕೋಶಗಳಿರುವುದರಿಂದ ಅದು ಮೇಲಕ್ಕೆ ತೇಲುತ್ತದೆ. ಗಾಳಿ ಬೀಸಿದ ಕಡೆಯ ದಡದಲ್ಲಿ ಬಣ್ಣ ಬಳಿದಂತೆ ದಟ್ಟವಾಗಿ ಸೇರುತ್ತದೆ. ದನಗಳು ನೀರಿಗಿಳಿಯುವುದೂ ದಡದಲ್ಲಿಯೇ ಅಲ್ಲವೆ? ಇದರ ವಿಷವು ಪಿತ್ತಜನಕಾಂಗವನ್ನು ಕೆಡಿಸುತ್ತದೆ. ದಕ್ಷಿಣ ಆಸ್ಟ್ರೇಲಿಯದ ಅಲೆಕ್ಸಾಂಡ್ರಿನಾ ಸರೋವರದಲ್ಲಿ ಇದೇ ವರ್ಗದ ಇನ್ನೊಂದು ಪಾಚಿಯಿಂದ ಕುರಿ, ಕುದುರೆ, ಹಂದಿಗಳು ಸತ್ತುದನ್ನು ಜಾರ್ಜ್ ಫ್ರಾನ್ಸಿಸ್ ಎಂಬವರು 1878ರಲ್ಲಿಯೇ ಪ್ರಕಟಿಸಿದರು.

ನೀಲಿಹಸುರು ಪಾಚಿಯೆಲ್ಲವೂ ದುಷ್ಟವೆಂದು ತಿಳಿಯಲಾಗದು. ಭತ್ತದ ಗದ್ದೆಯಲ್ಲಿ ಇದೇ ವರ್ಗದ ಕೆಲವು ಪಾಚಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುವುದನ್ನು ಪಿ. ಕೆ. ಡೇ ಅವರು 1939ರಲ್ಲಿ ತೋರಿಸಿಕೊಟ್ಟರು.

ಯಂತ್ರವಿಲ್ಲದ ಊರಿನಲ್ಲಿ ಒಂದು ಉದ್ದನೆಯ ಕೋಲು ಸಾಕು. ಬರಿಗೈಯನ್ನು ಅದ್ದದೆ ಕೋಲಿನಿಂದ ಎತ್ತಿದಾಗ ಎಳೆಗಳು ಜೋತುಬಿದ್ದರೆ ಅದು ಎಳೆಪಾಚಿ. ಕೋಲಿಗೆ ಬಣ್ಣ ಮಾತ್ರ ಮೆತ್ತಿಕೊಂಡರೆ ಸಂಶಯಪಡತಕ್ಕದ್ದು. ಅಂಥ ನೀರನ್ನು ಗಾಜಿನ ಶೀಶೆಯಲ್ಲಿ ಒಂದು ರಾತ್ರಿ ಕದಲಿಸದೆ ಇಟ್ಟಾಗ ಹಸುರು ಮೇಲೆ ತೇಲಿ ನಿಂತರೆ ಸಂಶಯವು ಬಲವಾಗುತ್ತದೆ. ಕೂಡಲೇ ರಾಸುಗಳನ್ನು ಬಾವಿಯ ನೀರಿಗೆ ತಿರುಗಿಸಿ, ಪಶುವೈದ್ಯರಿಗೆ ತಿಳಿಸಬೇಕು. ಕುದಿಸುವುದರಿಂದ ಈ ವಿಷ ಹೋಗದು. ಮೈಲುತುತ್ತು ಸುರಿದರೆ ಪಾಚಿ ಸಾಯುವುದೇನೋ ನಿಜ. ಆದರೆ ಕಣಗಳು ಒಡೆದು ಅವುಗಳೊಳಗಿದ್ದ ವಿಷವೆಲ್ಲ ನೀರಿಗೆ ಬೀಳುತ್ತದೆ, ತಿಳಿಯಾಗಿ ಕಾಣುವ ಆ ನೀರನ್ನೇ ದನಗಳು ಕುಡಿಯುತ್ತವೆ.