ನಿಮಗಿದು ಗೊತ್ತೇ? ಕರೆಂಟ್ ಓದಿಗೆ ಖರ್ಚೆಷ್ಟು, ಗಳಿಕೆಯೆಷ್ಟು?

ಸಿರುಗುಪ್ಪದ ಹುಡುಗಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಲು ದಿನಾ ಬಳ್ಳಾರಿಗೆ ಬಂದರೆ ಬಸ್ಸಿಗೆ ಎಷ್ಟು ಖರ್ಚು, ಹೇಳಿ ನೋಡೋಣ? ಸೊನ್ನೆ! ದೂರ 50 ಕಿಲೋಮೀಟರಿಗೂ ಹೆಚ್ಚು. ಆದರೂ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಪುಕ್ಕಟೆ. ಜೊತೆಗೇ ಬಸ್ ಹತ್ತುವ ಅವಳ ತಮ್ಮ ಮಾತ್ರ ಪಾಸಿಗೆ ದುಡ್ಡು ಕಟ್ಟಬೇಕು. ಒಂದೇ ಮನೆ, ಒಂದೇ ಬಸ್ಸು, ಎರಡು ಲೆಕ್ಕ!

ಅಮೆರಿಕದಲ್ಲಿ ಇಂಥದ್ದೇ ಓದಿಗೆ ಅಸೋಸಿಯೇಟ್ ಡಿಗ್ರಿ ಎನ್ನುತ್ತಾರೆ. ಅಲ್ಲಿನ ಸಾರ್ವಜನಿಕ ಕಮ್ಯುನಿಟಿ ಕಾಲೇಜಿನಲ್ಲಿ ವರ್ಷದ ಶುಲ್ಕವೇ ಸರಾಸರಿ 4,000 ಡಾಲರ್ ಆಸುಪಾಸು. ನಮ್ಮ ದುಡ್ಡಲ್ಲಿ 3 ಲಕ್ಷ ರೂಪಾಯಿಗೂ ಮೇಲೆ! ತಮಾಷೆ ಗೊತ್ತೇ? ಅಲ್ಲಿ ಅದನ್ನೇ ಅಗ್ಗದ ಕಾಲೇಜು ಅಂತಾರೆ. ನಮ್ಮ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಲಕ್ಷದ ಮಾತೇ ಇಲ್ಲ, ವರ್ಷದ ಫೀ ಕೆಲವೇ ಸಾವಿರದಲ್ಲಿ ಮುಗಿಯಿತು.

ಹಾಗಾದರೆ ದೊಡ್ಡ ಖರ್ಚು ಯಾವುದು? ಫೀ ಅಲ್ಲವೇ ಅಲ್ಲ, ಬಾರದೇ ಹೋದ ಕೂಲಿ! ನೀವು ಮೂರು ವರ್ಷ ತರಗತಿಯಲ್ಲಿ ಕೂತಿರುವಾಗ, ವೈರಿಂಗ್ ಮೇಸ್ತ್ರಿಯ ಹಿಂದೆ ಹೋದ ಗೆಳೆಯ ವಾರವಾರ ಬಟವಾಡೆ ಎಣಿಸುತ್ತಿರುತ್ತಾನೆ. ಯಾವ ರಸೀದಿಯಲ್ಲೂ ಕಾಣದ ಖರ್ಚು ಇದು!

ಈಗ ಸ್ವಲ್ಪ ಬೆರಳು ಮಡಚಿ ಎಣಿಸಿ. ಎಸ್ಸೆಸ್ಸೆಲ್ಸಿ ಆದಮೇಲೆ ಪಿಯುಸಿ 2 ವರ್ಷ, ಬಿಇ 4 ವರ್ಷ, ಒಟ್ಟು 6. ಡಿಪ್ಲೊಮಾ ದಾರಿಯಲ್ಲಿ? ಡಿಪ್ಲೊಮಾ 3 ವರ್ಷ. ಆಮೇಲೆ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ, ಅಲ್ಲಿ 3 ವರ್ಷ. ಒಟ್ಟು 6! ಒಂದೇ ಒಂದು ವರ್ಷವೂ ನಷ್ಟವಿಲ್ಲ. ಬದಲಿಗೆ ಕೈಯಲ್ಲಿ ಒಂದು ಸರ್ಟಿಫಿಕೇಟ್ ಜಾಸ್ತಿ. ‘ಡಿಪ್ಲೊಮಾಗೆ ಹಾಕಿದರೆ ಹುಡುಗ ಹಿಂದೆ ಬೀಳ್ತಾನೆ’ ಅನ್ನುವ ಮಾವಂದಿರಿಗೆ ಈ ಲೆಕ್ಕ ತೋರಿಸಿ!

ಇನ್ನೂ ಕೆಳಗಿನ ಮೆಟ್ಟಿಲಿಂದ ಹತ್ತುತ್ತೀರಾ? ಅದೂ ಆಗುತ್ತದೆ! ಐಟಿಐ ಎಲೆಕ್ಟ್ರಿಷಿಯನ್ 2 ವರ್ಷ. ಅದು ಮುಗಿದರೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಪ್ರವೇಶವುಂಟು, ಅಲ್ಲಿಂದ ಬಿಇ. ಒಟ್ಟು 7 ವರ್ಷ, ಮೂರು ಸರ್ಟಿಫಿಕೇಟ್! ಐಟಿಐ ವೈರ್‌ಮನ್ ಕೋರ್ಸಿಗಂತೂ 8ನೇ ತರಗತಿ ಪಾಸಾದರೂ ಸಾಕು.

ಇದು ಕೇಳಿದರೆ ಬೆಚ್ಚಿಬೀಳುತ್ತೀರಿ. ಲೈನ್‌ಮ್ಯಾನ್ ಆಗಲು ಡಿಪ್ಲೊಮಾ ಬೇಕಿಲ್ಲ, ಐಟಿಐ ಕೂಡ ಬೇಕಿಲ್ಲ! 2024ರಲ್ಲಿ ಕೆಪಿಟಿಸಿಎಲ್, ಜೆಸ್ಕಾಂ ಮೊದಲಾದ ವಿದ್ಯುತ್ ಕಂಪನಿಗಳಿಗೆ 2,975 ಕಿರಿಯ ಪವರ್‌ಮ್ಯಾನ್ ಮತ್ತು ಕಿರಿಯ ಸ್ಟೇಷನ್ ಪರಿಚಾರಕ ಹುದ್ದೆಗಳನ್ನು ಕರೆದರು. ನೋಡಿದ್ದು ಎಸ್ಸೆಸ್ಸೆಲ್ಸಿ ಅಂಕ. ಜೊತೆಗೆ ದೈಹಿಕ ಪರೀಕ್ಷೆ. ಓಟ, ಸ್ಕಿಪ್ಪಿಂಗ್, ಗುಂಡು ಎಸೆತ ಎಲ್ಲ ಇದ್ದವು. ಆದರೆ ತಪ್ಪಿಸಿಕೊಳ್ಳಲಾಗದ್ದು ಒಂದೇ: 8 ಮೀಟರ್ ಎತ್ತರಕ್ಕೆ ಕಂಬ ಹತ್ತುವುದು! ಎರಡು ಅಂತಸ್ತಿನ ಮನೆಯ ಮಾಳಿಗೆಗಿಂತ ಎತ್ತರ ಅದು. ಏಣಿ ಇಲ್ಲ, ಕಂಬವನ್ನು ತಬ್ಬಿಕೊಂಡೇ ಏರಬೇಕು. ಓಮ್ಸ್ ನಿಯಮ ಬಾಯಿಪಾಠವಿದ್ದು ಕಂಬ ಹತ್ತಲು ಬರದಿದ್ದರೆ ಮನೆಗೆ! ಡಿಪ್ಲೊಮಾ ಕೆಲಸಕ್ಕೆ ಬರುವುದು ಅದರ ಮೇಲಿನ ಜೂನಿಯರ್ ಎಂಜಿನಿಯರ್ ಹುದ್ದೆಗೆ.

ಡಿಪ್ಲೊಮಾ ಮುಗಿಸಿ ಕೆಲಸವಿಲ್ಲದೆ ಕೂತರೂ ಸರ್ಕಾರ ತಿಂಗಳಿಗೆ 1,500 ರೂಪಾಯಿ ಕೊಡುತ್ತದೆ! ಅದೇ ಯುವನಿಧಿ. ಗರಿಷ್ಠ 2 ವರ್ಷ. ಅಪ್ರೆಂಟಿಸ್ ಆಗಿ ಹೋದರೋ, 2019ರ ನಿಯಮದ ಪ್ರಕಾರವೇ ಡಿಪ್ಲೊಮಾದವರಿಗೆ ಕನಿಷ್ಠ ಸ್ಟೈಪೆಂಡ್ 8,000. ಯಾವುದು ಲಾಭ, ನೀವೇ ಹೇಳಿ!

ಬಳ್ಳಾರಿಯವರಿಗೆ ಇನ್ನೊಂದು ಲಾಭವೂ ಉಂಟು. ಹೈದರಾಬಾದ್ ನಿಜಾಮನ ರಾಜ್ಯದ ಕೊನೆಯ ಕಾಲದಲ್ಲಿ ಬಳ್ಳಾರಿ ಅವನ ಕೈಕೆಳಗಿರಲಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಆದರೂ ಹೈದರಾಬಾದ್ ಕರ್ನಾಟಕಕ್ಕೆಂದು ಬಂದ ಸಂವಿಧಾನದ 371(ಜೆ) ವಿಧಿಯ ಲಾಭ ಬಳ್ಳಾರಿಗೂ ಸಿಕ್ಕಿತು! ಈ ಭಾಗದ ಕಾಲೇಜುಗಳಲ್ಲಿ 100ಕ್ಕೆ 70 ಸೀಟು ಸ್ಥಳೀಯರಿಗೆ. ಸ್ಥಳೀಯ ವೃಂದದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ 100ಕ್ಕೆ 80! ಕುರುಗೋಡಿನ ಹುಡುಗನ ಡಿಪ್ಲೊಮಾಗೆ ಸ್ಥಳೀಯನೆಂಬ 371(ಜೆ) ಸರ್ಟಿಫಿಕೇಟೂ ಜೊತೆಗೂಡಿತೆಂದರೆ ತೂಕವೇ ಬೇರೆ.

ಕಲಿತದ್ದಕ್ಕೆ ಊರಲ್ಲೇ ಕೆಲಸವುಂಟೇ? ಸಿರುಗುಪ್ಪದ ಅಕ್ಕಿ ಗಿರಣಿಗೆ ಹೋಗಿ ನೋಡಿ. ಮೂರು ಫೇಸ್‌ನಲ್ಲಿ ಒಂದು ಹೋದರೂ ಓಡುತ್ತಿರುವ ಮೋಟಾರ್ ಸಾಮಾನ್ಯವಾಗಿ ನಿಲ್ಲುವುದಿಲ್ಲ! ಗುಂಯ್ ಎನ್ನುತ್ತಾ, ಬಿಸಿಯಾಗುತ್ತಾ ಓಡುತ್ತಲೇ ಇರುತ್ತದೆ. ಸುಟ್ಟ ವಾಸನೆ ಬರುವ ಹೊತ್ತಿಗೆ ವೈಂಡಿಂಗ್ ಕಪ್ಪಾಗಿರುತ್ತದೆ. ಇದನ್ನು ತಡೆಯಲು ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಎಂಬ ಪುಟ್ಟ ಡಬ್ಬಿ ಇದೆ. ಗುಂಯ್ ಶಬ್ದ ಕೇಳಿದ ತಕ್ಷಣ ಸ್ವಿಚ್ಚಿನತ್ತ ಓಡುವ ಹುಡುಗನಿಗೆ ಗಿರಣಿ ಮಾಲೀಕ ಸಂಬಳ ಕೊಡದೆ ಇರುತ್ತಾನೆಯೇ!

ಬಳ್ಳಾರಿ ಪಕ್ಕದ ಕುಡತಿನಿಯ ಶಾಖೋತ್ಪನ್ನ ಸ್ಥಾವರದ ಮೂರೇ ಘಟಕಗಳ ಸಾಮರ್ಥ್ಯ 1,700 ಮೆಗಾವಾಟ್! 500, 500, 700. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೋ ದೇಶದ ಅತಿ ದೊಡ್ಡವುಗಳಲ್ಲಿ ಒಂದು. ಕರೆಂಟ್ ಹುಟ್ಟುವುದೂ ಇಲ್ಲೇ, ಕರಗುವುದೂ ಇಲ್ಲೇ!

ಕೊನೆಯದು ಕೇಳಿ. ಎಲೆಕ್ಟ್ರಿಷಿಯನ್ ಐಟಿಐ ಅಥವಾ ಎಲೆಕ್ಟ್ರಿಕಲ್ ಡಿಪ್ಲೊಮಾ ಇದ್ದವರು ರೈಲು ಓಡಿಸಬಹುದು! ರೈಲ್ವೆಯ ಸಹಾಯಕ ಲೋಕೊ ಪೈಲಟ್ ಪರೀಕ್ಷೆಗೆ ಅವರು ಅರ್ಹರು, ಆರಂಭದ ಮೂಲ ವೇತನ 19,900 ರೂಪಾಯಿ. ಆದರೆ ಕಣ್ಣಿನ ಪರೀಕ್ಷೆ ಭಾರಿ ಬಿಗಿ: ಕನ್ನಡಕವಿಲ್ಲದೆ ಎರಡೂ ಕಣ್ಣು 6/6 ಇರಬೇಕು. ಓದಿ ಓದಿ ಕನ್ನಡಕ ಬಂತೋ, ಎಂಜಿನ್ನಿನ ಬಾಗಿಲು ಬಂದ್!