ಚಿನ್ನ ಬಿಡಿಸುವ ಬ್ಯಾಕ್ಟೀರಿಯಾ

ಮಳೆಗಾಲ ಮುಗಿಯುತ್ತ ಬಂದಾಗ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಚಿರೆಕಲ್ಲಿನ ಗುಡ್ಡಗಳ ಬುಡದಲ್ಲಿ ಜಿನುಗುವ ನೀರನ್ನು ಗಮನಿಸಿ. ಕೆಲವೆಡೆ ತಳದಲ್ಲಿ ತುಕ್ಕು ಬಣ್ಣದ ಲೋಳೆ, ಮೇಲೆ ಕಾಮನಬಿಲ್ಲಿನಂತೆ ಹೊಳೆಯುವ ತೆಳುಪದರ ಕಾಣುತ್ತದೆ. ಯಾರೋ ಎಣ್ಣೆ ಚೆಲ್ಲಿದ್ದಾರೆ ಎಂದು ಬೈಯುವ ಮೊದಲು ಒಂದು ಕಡ್ಡಿಯಿಂದ ಅದನ್ನು ಕದಡಿ ನೋಡಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಚೂರುಚೂರಾಗಿ ಒಡೆದು ಹಾಗೆಯೇ ಉಳಿದರೆ, ಅದು ಹೆಚ್ಚಾಗಿ ಕಬ್ಬಿಣದ ಬ್ಯಾಕ್ಟೀರಿಯಾಗಳ ಕೆಲಸ. ನೀರಿನಲ್ಲಿ ಕರಗಿದ ಕಬ್ಬಿಣವನ್ನು ಇವು ತುಕ್ಕಾಗಿಸುತ್ತವೆ. ಕೆಲವು ಜಾತಿಗಳಿಗೆ ಆ ಕ್ರಿಯೆಯಿಂದ ಸಿಗುವ ಶಕ್ತಿಯೇ ಆಹಾರ.

ಬ್ಯಾಕ್ಟೀರಿಯಾ ಎಂದೊಡನೆ ನಮಗೆ ರೋಗದ ನೆನಪಾಗುತ್ತದೆ. ಹೆಚ್ಚೆಂದರೆ ಮೊಸರಿನ ನೆನಪು. ಆದರೆ ಇದೇ ಕಸುಬಿನ ಇನ್ನೊಂದು ಬ್ಯಾಕ್ಟೀರಿಯಾ ಕಲ್ಲಿನಿಂದ ತಾಮ್ರ, ಚಿನ್ನ ಬಿಡಿಸಿಕೊಡುವ ಕೂಲಿಯಾಗಿದೆ.

ಗಣಿಯ ನೀರಿನಲ್ಲಿ ಸಿಕ್ಕ ಜೀವಿ

1947ರಲ್ಲಿ ಅಮೆರಿಕದ ಕೋಲ್ಮರ್ ಮತ್ತು ಹಿಂಕಲ್ ಎಂಬ ವಿಜ್ಞಾನಿಗಳು ಕಲ್ಲಿದ್ದಲು ಗಣಿಗಳಿಂದ ಹರಿದುಬರುವ ಹುಳಿ ನೀರನ್ನು ಪರೀಕ್ಷಿಸಿದರು. ಆ ನೀರು ಆಮ್ಲವಾಗುವುದಕ್ಕೆ ಬ್ಯಾಕ್ಟೀರಿಯಾಗಳೂ ಕಾರಣ ಎಂದು ತೋರಿಸಿದರು. ಮುಂದೆ ಅದಕ್ಕೆ ಥಯೋಬ್ಯಾಸಿಲಸ್ ಫೆರೊಆಕ್ಸಿಡಾನ್ಸ್ ಎಂಬ ಹೆಸರು ಬಂತು. 2000ದಿಂದ ಅದರ ಹೆಸರು ಆಸಿಡಿಥಯೋಬ್ಯಾಸಿಲಸ್. ಸುಮಾರು ಸಾವಿರ ಜೀವಿಗಳನ್ನು ಉದ್ದಕ್ಕೆ ಸಾಲಾಗಿಟ್ಟರೆ ಒಂದು ಮಿಲಿಮೀಟರ್ ಆದೀತು. ಇದರ ಊಟ ಕಬ್ಬಿಣ ಮತ್ತು ಗಂಧಕ. ನಿಂಬೆರಸದಷ್ಟು ಹುಳಿಯಾದ ನೀರೇ ಇದಕ್ಕೆ ಹಿತ. ಇಂಗಾಲವನ್ನು ಗಿಡಗಳಂತೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನಿಂದ ಪಡೆಯುತ್ತದೆ; ಆದರೆ ಅದಕ್ಕೆ ಬಿಸಿಲು ಬೇಡ.

ಬೀಗ ಹಾಕಿದ ಚಿನ್ನ

ನಮ್ಮ ರಾಜ್ಯದಲ್ಲೇ ಇದರ ಉದಾಹರಣೆಯಿದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಗಣಿಗಾರಿಕೆ ಮುಂದುವರಿದಿದೆ. ಒಂದು ಟನ್ ಅದಿರಿನಲ್ಲಿರುವ ಚಿನ್ನ ಕೆಲವೇ ಗ್ರಾಂ. ಸಾಮಾನ್ಯವಾಗಿ ಅದಿರನ್ನು ಪುಡಿಮಾಡಿ, ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆಯುತ್ತಾರೆ. ಆದರೆ ಕೆಲವು ಅದಿರುಗಳಲ್ಲಿ ಚಿನ್ನದ ಅತಿಸೂಕ್ಷ್ಮ ಕಣಗಳು ಪೈರೈಟ್, ಆರ್ಸೆನೊಪೈರೈಟ್ ಎಂಬ ಗಂಧಕದ ಖನಿಜಗಳ ಒಳಗೆ ಹುದುಗಿರುತ್ತವೆ. ತೆಂಗಿನಕಾಯಿ ಒಡೆಯದೆ ಕೊಬ್ಬರಿ ಸಿಗದು. ಹಾಗೆಯೇ ಆ ಖನಿಜ ಒಡೆಯದೆ ಸಯನೈಡ್ ಚಿನ್ನವನ್ನು ಮುಟ್ಟಲಾರದು.

ಹಳೆಯ ಉಪಾಯ ಅದಿರನ್ನು ಹುರಿಯುವುದು. ಅದರಿಂದ ಗಂಧಕದ ಡೈಆಕ್ಸೈಡ್ ಮತ್ತು ಆರ್ಸೆನಿಕ್ ವಿಷದ ಹೊಗೆ ಏಳುತ್ತದೆ. ಹೊಗೆಯಿಲ್ಲದ ಉಪಾಯವೇ ಬ್ಯಾಕ್ಟೀರಿಯಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಎ. ನಟರಾಜನ್ ಮತ್ತು ಸಂಗಡಿಗರು ಈ ವಿಷಯದಲ್ಲಿ ದಶಕಗಳ ಕಾಲ ಸಂಶೋಧನೆ ನಡೆಸಿದರು. ಚಿತ್ರದುರ್ಗ ಸೀಮೆಯ ಜಿ.ಆರ್. ಹಳ್ಳಿಯ ಅದಿರು ಅವರ ಪ್ರಯೋಗಗಳಿಗೆ ಬಳಕೆಯಾಯಿತು. ಹಟ್ಟಿ ಗಣಿಯ ಸಹಯೋಗದಲ್ಲಿ ಪ್ರಾಯೋಗಿಕ ಘಟಕವೂ ನಡೆಯಿತು.

ಕ್ರಮ ಹೀಗಿದೆ. ಅದಿರಿನ ಪುಡಿಯನ್ನು ಆಮ್ಲಯುಕ್ತ ನೀರಿನಲ್ಲಿ ಕಲಸಿ, ಗಾಳಿ ಊದುತ್ತ, ದೊಡ್ಡ ತೊಟ್ಟಿಯಲ್ಲಿ ಕಲಕುತ್ತಿರಬೇಕು. ಬ್ಯಾಕ್ಟೀರಿಯಾ ಫೆರಸ್ ಕಬ್ಬಿಣವನ್ನು ಫೆರಿಕ್ ಕಬ್ಬಿಣವಾಗಿಸುತ್ತದೆ. ಫೆರಿಕ್ ಕಬ್ಬಿಣ ಪೈರೈಟನ್ನು ಕೊರೆದು ತಾನು ಮತ್ತೆ ಫೆರಸ್ ಆಗುತ್ತದೆ. ಬ್ಯಾಕ್ಟೀರಿಯಾ ಅದನ್ನು ಪುನಃ ಫೆರಿಕ್ ಮಾಡುತ್ತದೆ. ಹುಳಿ ನೀರಿನಲ್ಲಿ ತಾನಾಗಿ ತೀರ ನಿಧಾನವಾಗಿ ನಡೆಯುವ ಈ ಕ್ರಿಯೆಗೆ ಜೀವಿಯ ಕೈ ಸೇರಿದರೆ ಲಕ್ಷಗಟ್ಟಲೆ ಪಟ್ಟು ವೇಗ. ಕೆಲವು ದಿನಗಳಲ್ಲಿ ಖನಿಜ ಕರಗಿ ಚಿನ್ನ ಹೊರಗೆ ಬೀಳುತ್ತದೆ. ಉಳಿದ ಆಮ್ಲಕ್ಕೆ ಸುಣ್ಣ ಹಾಕಿ ಶಮನಗೊಳಿಸಿದಾಗ ಕರಗಿದ್ದ ಆರ್ಸೆನಿಕ್ ಕಬ್ಬಿಣದೊಂದಿಗೆ ಗಟ್ಟಿಯಾಗಿ ತಳ ಸೇರುತ್ತದೆ. ಚಿನ್ನ ತೆಗೆಯಲು ಆಮೇಲೂ ಸಯನೈಡ್ ಬೇಕೇ ಬೇಕು. ಬ್ಯಾಕ್ಟೀರಿಯಾ ಬೀಗ ತೆಗೆಯುತ್ತದೆ, ಅಷ್ಟೇ.

ದಕ್ಷಿಣ ಆಫ್ರಿಕದ ಫೇರ್‌ವ್ಯೂ ಗಣಿಯಲ್ಲಿ 1986ರಲ್ಲೇ ಇಂಥ ಘಟಕ ಆರಂಭವಾಯಿತು. ಚಿಲಿ ದೇಶದಲ್ಲಿ ತಾಮ್ರದ ಬಡ ಅದಿರನ್ನು ರಾಶಿ ಹಾಕಿ, ಆಮ್ಲದ ನೀರು ಚಿಮುಕಿಸಿ, ತಾಮ್ರ ಇಳಿಸಿಕೊಳ್ಳುತ್ತಾರೆ. ಅಲ್ಲಿ ತಾಮ್ರ ನೇರವಾಗಿಯೇ ಕರಗುತ್ತದೆ. ಆದರೆ ತಿಂಗಳುಗಟ್ಟಲೆ ಕಾಯಬೇಕು.

ಎರಡು ಅಲಗಿನ ಕತ್ತಿ

ಈ ಜೀವಿಗೆ ತೊಟ್ಟಿ ಯಾವುದು, ತೊರೆ ಯಾವುದು ಗೊತ್ತಿಲ್ಲ. ಗಂಧಕದ ಖನಿಜವಿರುವ ಗಣಿತ್ಯಾಜ್ಯವನ್ನು ಮಳೆಗೆ ಬಿಟ್ಟರೆ ಅಲ್ಲೂ ಅದು ದುಡಿಯುತ್ತದೆ. ಆಮ್ಲ ಮತ್ತು ವಿಷಲೋಹಗಳು ಹಳ್ಳ ಸೇರಿ ಮೀನು ಸಾಯುತ್ತವೆ. ಬಾವಿ, ಗದ್ದೆ ಕೆಡುತ್ತವೆ. ಗಣಿ ಮುಚ್ಚಿ ದಶಕಗಳಾದರೂ ಇದು ನಿಲ್ಲದ ಉದಾಹರಣೆಗಳಿವೆ. ಆದ್ದರಿಂದ ಗಣಿಯಿಂದ ಎಷ್ಟು ಲೋಹ ಬಂತು ಎಂಬಷ್ಟೇ ಮುಖ್ಯ, ಉಳಿದ ಮಣ್ಣನ್ನು ಏನು ಮಾಡಿದರು ಎಂಬುದು.

ಇದಕ್ಕೂ ಒಂದು ಪರಿಹಾರ ಸೂಕ್ಷ್ಮಜೀವಿಗಳಲ್ಲೇ ಇದೆ. ಕುಮಟಾದ ಗಜನಿ ಗದ್ದೆಗಳ ಕಪ್ಪು ಕೆಸರನ್ನು ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲವೆ? ಅಲ್ಲಿ ಆಮ್ಲಜನಕವಿಲ್ಲದೆ ಬದುಕುವ ಬೇರೊಂದು ಬಗೆಯ ಬ್ಯಾಕ್ಟೀರಿಯಾ ಸಮುದ್ರದ ನೀರಿನ ಸಲ್ಫೇಟನ್ನು ಹೈಡ್ರೊಜನ್ ಸಲ್ಫೈಡ್ ಆಗಿಸುತ್ತದೆ. ಅದು ಕಬ್ಬಿಣದೊಡನೆ ಕೂಡಿ ಕೆಸರು ಕಪ್ಪಾಗುತ್ತದೆ. ಅಂದರೆ ಗಣಿಯ ಜೀವಿ ಮಾಡುವುದಕ್ಕೆ ತೀರ ವಿರುದ್ಧವಾದ ಕೆಲಸ. ಈ ಬಗೆಯ ಬ್ಯಾಕ್ಟೀರಿಯಾಗಳನ್ನೇ ಬಳಸಿ ಗಣಿನೀರಿನ ಆಮ್ಲ ತಗ್ಗಿಸಿ, ಲೋಹಗಳನ್ನು ತಳಕ್ಕಿಳಿಸುವ ವಿಧಾನಗಳು ಈಗ ಬಳಕೆಯಲ್ಲಿವೆ.

ಹತ್ತನೆಯ ತರಗತಿ ಮುಗಿದೊಡನೆ ಮನೆಗಳಲ್ಲಿ ಒಂದೇ ಚರ್ಚೆ: ಜೀವಶಾಸ್ತ್ರವಾದರೆ ಡಾಕ್ಟರ್, ಗಣಿತವಾದರೆ ಎಂಜಿನಿಯರ್. ಮೇಲಿನ ತೊಟ್ಟಿಯನ್ನು ನಡೆಸಲು ಸೂಕ್ಷ್ಮಜೀವಿ ತಜ್ಞ, ರಸಾಯನಶಾಸ್ತ್ರಜ್ಞ, ಲೋಹಶಾಸ್ತ್ರಜ್ಞ, ಎಂಜಿನಿಯರ್ ಎಲ್ಲರೂ ಬೇಕು. ಶ್ರೀಮಂತ ಅದಿರು ಮುಗಿಯುತ್ತ ಬಂದಂತೆ ಇಂಥವರ ಅಗತ್ಯ ಹೆಚ್ಚುತ್ತದೆ. ಮಗುವಿಗೆ ಎರಡೂ ವಿಷಯಗಳಲ್ಲಿ ಆಸಕ್ತಿಯಿದ್ದರೆ, ಪಾಲಕರು ಒಂದನ್ನು ಬಿಡು ಎಂದು ಅವಸರ ಮಾಡದಿರುವುದು ಒಳ್ಳೆಯದು.