ಹಳೆಯ ಪಿಂಗಾಣಿ: ಊಟಕ್ಕೆ ಯಾವುದು, ಕಪಾಟಿಗೆ ಯಾವುದು?

ಅಜ್ಜನ ಕಾಲದ ಕಪ್ಪು-ಬಸಿ, ನೀಲಿ ಚಿತ್ತಾರದ ಅಗಲವಾದ ತಟ್ಟೆ, ಚಿನ್ನದ ಅಂಚಿನ ಬಟ್ಟಲು – ಇಂಥ ಪಿಂಗಾಣಿ ಸಾಮಾನು ಕೆಲವರ ಮನೆಯ ಗಾಜಿನ ಕಪಾಟಿನಲ್ಲಿರುತ್ತದೆ. ಹಳೆಯ ವಸ್ತುಗಳ ಅಂಗಡಿಯಲ್ಲೂ ಹರಾಜಿನಲ್ಲೂ ಅವು ಮಾರಾಟಕ್ಕೆ ಬರುತ್ತವೆ. ನೂರು ವರ್ಷ ದಾಟಿದ್ದನ್ನು ಆಂಟಿಕ್ ಎಂದೂ ಅದಕ್ಕಿಂತ ಈಚಿನ ಹಳೆಯದನ್ನು ವಿಂಟೇಜ್ ಎಂದೂ ವ್ಯಾಪಾರಿಗಳು ಕರೆಯುವುದು ರೂಢಿ. ನೋಡಿ ಸಂತೋಷಪಡಲು ಇವುಗಳಲ್ಲಿ ಯಾವುದಾದರೂ ಸರಿಯೇ. ಆದರೆ ಅದರಲ್ಲಿ ಬಿಸಿ ಸಾರು ಬಡಿಸಿ ಮಕ್ಕಳಿಗೆ ಕೊಡಬಹುದೇ? ಈ ಪ್ರಶ್ನೆಗೆ ಉತ್ತರ ಪಾತ್ರೆಯ ವಯಸ್ಸಿನಲ್ಲಾಗಲಿ ಬೆಲೆಯಲ್ಲಾಗಲಿ ಇಲ್ಲ. ಅದರ ಮೆರುಗು ಮತ್ತು ಬಣ್ಣಗಳಲ್ಲಿ ಏನು ಸೇರಿದೆ, ಅವು ಎಷ್ಟು ಉಷ್ಣತೆಯಲ್ಲಿ ಬೆಂದಿವೆ ಎಂಬುದರಲ್ಲಿದೆ.

ಎಲ್ಲವೂ ಪಿಂಗಾಣಿಯಲ್ಲ

ಹೊಳಪಿರುವ ಮಣ್ಣಿನ ಪಾತ್ರೆಗಳನ್ನೆಲ್ಲ ನಾವು ಪಿಂಗಾಣಿ ಎಂದೇ ಕರೆಯುತ್ತೇವೆ. ಉಪ್ಪಿನಕಾಯಿಯ ಕಂದು-ಬಿಳಿ ಜಾಡಿಯೂ ನಮಗೆ ಪಿಂಗಾಣಿಯೇ. ಆದರೆ ನಿಜವಾದ ಪಿಂಗಾಣಿ ಬೇರೆ. ಕಯೋಲಿನ್ ಎಂಬ ಬಿಳಿ ಜೇಡಿಮಣ್ಣು, ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ಪುಡಿಯನ್ನು ಕಲಸಿ, ಸುಮಾರು 1300ರಿಂದ 1400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಫೆಲ್ಡ್‌ಸ್ಪಾರ್ ಕರಗಿ ಉಳಿದ ಕಣಗಳ ನಡುವೆ ಗಾಜಿನಂತೆ ತುಂಬಿಕೊಳ್ಳುತ್ತದೆ. ಹೀಗಾಗಿ ಪಿಂಗಾಣಿ ನೀರು ಹೀರುವುದಿಲ್ಲ. ತೆಳುವಾಗಿದ್ದರೆ ಬೆಳಕು ಅದರಲ್ಲಿ ಹಾಯುತ್ತದೆ. ಕಯೋಲಿನ್ ಎಂಬ ಹೆಸರು ಬಂದದ್ದು ಚೀನಾದ ಜಿಂಗ್‌ಡೆಝೆನ್ ಬಳಿಯ ಗಾವೊಲಿಂಗ್ ಎಂಬ ಸ್ಥಳದಿಂದ.

ಈ ವಿದ್ಯೆ ಬಹುಕಾಲ ಚೀನಾ, ಕೊರಿಯಾ, ಜಪಾನ್‌ಗಳಲ್ಲೇ ಇತ್ತು. ಯೂರೋಪಿನಲ್ಲಿ ಅದನ್ನು ಸಾಧಿಸಿದವರು ಸ್ಯಾಕ್ಸನಿಯ ಚಿರ್ನ್‌ಹೌಸ್ ಮತ್ತು ಬೊಟ್ಗರ್. 1710ರಲ್ಲಿ ಮೈಸೆನ್ ಕಾರ್ಖಾನೆ ಆರಂಭವಾಯಿತು. ಫ್ರಾನ್ಸಿನ ಲಿಮೋಜ್ ಬಳಿ 1768ರಲ್ಲಿ ಕಯೋಲಿನ್ ದೊರೆತ ಮೇಲೆ ಅಲ್ಲಿಯೂ ಇದೇ ಬಗೆಯ ಗಟ್ಟಿ ಪಿಂಗಾಣಿ ತಯಾರಾಯಿತು. ಇಂಗ್ಲೆಂಡಿನವರು ಬೇರೊಂದು ದಾರಿ ಹಿಡಿದರು. 18ನೇ ಶತಮಾನದ ಕೊನೆಯಲ್ಲಿ ಸ್ಪೋಡ್ ಕಾರ್ಖಾನೆಯವರು ಹದಕ್ಕೆ ತಂದ ಬೋನ್ ಚೈನಾದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ದನದ ಮೂಳೆಯನ್ನು ಸುಟ್ಟ ಬೂದಿ ಇರುತ್ತದೆ.

ಮೆರುಗಿನಲ್ಲಿ ಸೀಸ ಏಕೆ?

ಪಾತ್ರೆಯ ಮೈಮೇಲಿನ ಮೆರುಗು ವಾಸ್ತವವಾಗಿ ತೆಳುವಾದ ಗಾಜಿನ ಪದರ. ಗಾಜಿನ ಮೂಲವಸ್ತು ಸಿಲಿಕಾ. ಶುದ್ಧ ಸಿಲಿಕಾ ಕರಗಲು ಸುಮಾರು 1700 ಡಿಗ್ರಿ ಬೇಕು. ಅಷ್ಟು ಕಾವಿಲ್ಲದೆ ಅದನ್ನು ಕರಗಿಸಲು ಬೇರೊಂದು ವಸ್ತುವನ್ನು ಬೆರೆಸಬೇಕು. ಗಟ್ಟಿ ಪಿಂಗಾಣಿಯಲ್ಲಿ ಮೆರುಗು ಮತ್ತು ಮೈ ಎರಡೂ ಒಟ್ಟಿಗೆ ಹೆಚ್ಚಿನ ಉಷ್ಣತೆಯಲ್ಲಿ ಬೇಯುವುದರಿಂದ ಫೆಲ್ಡ್‌ಸ್ಪಾರ್ ಒಂದೇ ಸಾಕು, ಸೀಸದ ಅಗತ್ಯವಿಲ್ಲ.

ಕಡಿಮೆ ಉಷ್ಣತೆಯಲ್ಲಿ ಕರಗಬೇಕಾದ ಮೆರುಗಿಗೆ ಕುಂಬಾರರು ಸೀಸದ ಆಕ್ಸೈಡ್ ಬೆರೆಸುತ್ತಿದ್ದರು. ಅದು ಕರಗುವ ಉಷ್ಣತೆಯನ್ನು ಇಳಿಸುವುದಲ್ಲದೆ ಮೆರುಗಿನ ವಕ್ರೀಭವನ ಸೂಚ್ಯಂಕವನ್ನೂ ಹೆಚ್ಚಿಸುತ್ತದೆ. ಆದ್ದರಿಂದ ಪಾತ್ರೆ ಥಳಥಳಿಸುತ್ತದೆ. ಹಳೆಯ ಇಂಗ್ಲಿಷ್ ಬೋನ್ ಚೈನಾ, ಅರೆಗಟ್ಟಿ ಮಣ್ಣಿನ ಪಾತ್ರೆಗಳು – ಇವುಗಳ ಮೆರುಗಿನಲ್ಲಿ ಸೀಸ ಸಾಮಾನ್ಯವಾಗಿತ್ತು. ಇದಕ್ಕೆ ಮೊದಲು ಬಲಿಯಾದವರು ಊಟ ಮಾಡುವವರಲ್ಲ, ಮೆರುಗಿನಲ್ಲಿ ಕೈ ಅದ್ದುತ್ತಿದ್ದ ಕಾರ್ಮಿಕರು. ಬ್ರಿಟನ್ನಿನಲ್ಲಿ 1899ರಲ್ಲಿ ಥಾರ್ಪ್ ಮತ್ತು ಆಲಿವರ್ ಈ ಬಗ್ಗೆ ಸರ್ಕಾರಕ್ಕೆ ವರದಿ ಸಲ್ಲಿಸಿದರು. ಸುಲಭವಾಗಿ ಕರಗಿ ಹೊರಬರುವ ಸೀಸದ ಮೆರುಗುಗಳು ಅಲ್ಲಿ ನಿಷೇಧವಾಗಲು 1947ರವರೆಗೆ ಕಾಯಬೇಕಾಯಿತು.

ಹುಳಿ ಮಾಡುವ ಕೆಲಸ

ಚೆನ್ನಾಗಿ ಬೆಂದ ಮೆರುಗಿನಲ್ಲಿ ಸೀಸ ಸಿಲಿಕಾದ ಜಾಲದೊಳಗೆ ಬಂಧಿಯಾಗಿರುತ್ತದೆ. ಹುಳಿ ಪದಾರ್ಥ ತಾಗಿದಾಗ ಆಮ್ಲದ ಹೈಡ್ರೊಜನ್ ಅಯಾನುಗಳು ಜಾಲದೊಳಗೆ ನುಗ್ಗಿ ಸೀಸದ ಅಯಾನುಗಳನ್ನು ಹೊರದೂಡುತ್ತವೆ. ಹೊರಬಂದ ಸೀಸ ಆಹಾರದಲ್ಲಿ ಸೇರುತ್ತದೆ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ಇವೆ. ನಮ್ಮ ಸಾರು, ಗೊಜ್ಜು, ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ ಎಲ್ಲದರಲ್ಲೂ ಹುಳಿ ಇದೆ ಎಂಬುದನ್ನು ಮರೆಯಬಾರದು. ಹುಳಿ, ಬಿಸಿ, ಸಮಯ – ಈ ಮೂರೂ ಹೆಚ್ಚಿದಷ್ಟು ಹೊರಬರುವ ಸೀಸವೂ ಹೆಚ್ಚು.

1970ರಲ್ಲಿ ಕೆನಡಾದ ಮಾಂಟ್ರಿಯಲ್‌ನ ವೈದ್ಯರು ಒಂದು ಮಗುವಿನ ಸಾವನ್ನು ವರದಿ ಮಾಡಿದರು. ಸೀಸದ ಮೆರುಗಿನ ಮಣ್ಣಿನ ಹೂಜಿಯಲ್ಲಿಟ್ಟ ಸೇಬಿನ ರಸವನ್ನು ಆ ಮಗು ಕುಡಿಯುತ್ತಿತ್ತು. ಅದು ಪಿಂಗಾಣಿಯಲ್ಲ, ಕಡಿಮೆ ಕಾವಿನಲ್ಲಿ ಬೆಂದ ಪಾತ್ರೆ. ಆದರೂ ಹುಳಿ ಮತ್ತು ಸೀಸ ಕೂಡಿದರೆ ಏನಾದೀತು ಎಂಬುದಕ್ಕೆ ಅದು ಎಚ್ಚರಿಕೆ. ಇಂಥ ತೀವ್ರ ಪ್ರಕರಣಗಳು ವಿರಳ. ಅಲ್ಪ ಪ್ರಮಾಣದ ಸೀಸ ದಿನವೂ ದೇಹ ಸೇರುವುದೇ ಹೆಚ್ಚಿನ ಚಿಂತೆ. ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದು ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೂ ಗರ್ಭಿಣಿಯರಿಗೂ ಅದು ವಿಶೇಷವಾಗಿ ಹಾನಿಕರ.

ಬಣ್ಣ ಮೆರುಗಿನ ಕೆಳಗೋ, ಮೇಲೋ?

ಹಳೆಯ ತಟ್ಟೆಯನ್ನು ಆರಿಸುವಾಗ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ ಇದು. ಚೀನಾದ ನೀಲಿ-ಬಿಳಿ ಪಿಂಗಾಣಿಯಲ್ಲಿ ಕೋಬಾಲ್ಟ್ ಬಣ್ಣದಿಂದ ಹಸಿ ಮೈಮೇಲೆ ಚಿತ್ರ ಬರೆದು, ಅದರ ಮೇಲೆ ಮೆರುಗು ಬಳಿದು, ಒಟ್ಟಿಗೆ ಸುಡುತ್ತಾರೆ. ಕೋಬಾಲ್ಟ್ ಆ ಕಾವನ್ನು ತಾಳಬಲ್ಲದು. ಚಿತ್ರ ಗಾಜಿನ ಪದರದ ಕೆಳಗೆ ಭದ್ರವಾಗಿ ಉಳಿಯುತ್ತದೆ.

ಗುಲಾಬಿ, ಹಳದಿ, ಕೆಂಪು ಮುಂತಾದ ಅನೇಕ ಬಣ್ಣಗಳು ಅಷ್ಟು ಕಾವಿಗೆ ಕೆಟ್ಟುಹೋಗುತ್ತವೆ. ಆದ್ದರಿಂದ ಅವನ್ನು ಬೆಂದ ಮೆರುಗಿನ ಮೇಲೆ ಬರೆದು, ಮತ್ತೆ ಸುಮಾರು 700ರಿಂದ 850 ಡಿಗ್ರಿಯಲ್ಲಿ ಸುಡುತ್ತಾರೆ. ಇಷ್ಟು ಕಡಿಮೆ ಉಷ್ಣತೆಯಲ್ಲಿ ಬಣ್ಣ ಅಂಟಿಕೊಳ್ಳಲು ಹಿಂದೆ ಸೀಸವೇ ಆಧಾರ. 20ನೇ ಶತಮಾನದ ಕಡುಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಕ್ಯಾಡ್ಮಿಯಂ ಕೂಡ ಇರಬಹುದು. ಮೈ ಅತ್ಯುತ್ತಮ ಪಿಂಗಾಣಿಯಾಗಿದ್ದರೂ ಊಟ ತಾಗುವುದು ಈ ಬಣ್ಣಕ್ಕೆ ತಾನೆ?

ವ್ಯತ್ಯಾಸ ಗುರುತಿಸುವುದು ಕಷ್ಟವಲ್ಲ. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹೊಳಪು ಚಿತ್ರದ ಮೇಲೆ ಎಲ್ಲಿಯೂ ತುಂಡಾಗದೆ ಹರಿದರೆ ಬಣ್ಣ ಕೆಳಗಿದೆ. ಚಿತ್ರದ ಅಂಚಿನಲ್ಲಿ ಹೊಳಪು ಬದಲಾದರೆ, ಬೆರಳಿಗೆ ಉಬ್ಬು ತಾಗಿದರೆ, ಬಣ್ಣ ಅಲ್ಲಲ್ಲಿ ಸವೆದಿದ್ದರೆ ಅದು ಮೇಲಿನ ಬಣ್ಣ. ಆದರೆ ನೀಲಿ ಚಿತ್ರವೊಂದನ್ನೇ ನಂಬಬೇಡಿ. ಇಂಗ್ಲೆಂಡಿನ ಹಳೆಯ ನೀಲಿ ಅಚ್ಚಿನ ತಟ್ಟೆಗಳಲ್ಲಿ ಬಣ್ಣ ಕೆಳಗಿದ್ದರೂ ಮೇಲಿನ ಮೆರುಗಿನಲ್ಲೇ ಸೀಸವಿರಬಹುದು.

ಕೊಳ್ಳುವ ಮುನ್ನ

ತಟ್ಟೆಯನ್ನು ಬೆರಳ ತುದಿಗಳ ಮೇಲಿಟ್ಟು ಉಗುರಿನಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ನಾದ ಬಂದರೆ ಪಾತ್ರೆ ಗಟ್ಟಿ. ಮಂಕು ಸದ್ದು ಬಂದರೆ ಕಣ್ಣಿಗೆ ಕಾಣದ ಸೀಳು ಇರಬಹುದು. ತಳದ ಮೆರುಗಿಲ್ಲದ ಉಂಗುರದ ಮೇಲೆ ಒಂದು ಹನಿ ನೀರು ಹಾಕಿ. ಅದು ಇಂಗಿದರೆ ಪಿಂಗಾಣಿಯಲ್ಲ. ಮೆರುಗಿನಲ್ಲಿ ಕೂದಲೆಳೆಯಂಥ ಬಿರುಕುಗಳ ಬಲೆ ಇದೆಯೇ ನೋಡಿ. ಸುಟ್ಟ ನಂತರ ಮೈ ಮತ್ತು ಮೆರುಗು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದ ಇದು ಉಂಟಾಗುತ್ತದೆ. ಅದರೊಳಗೆ ಆಹಾರದ ಅಂಶ ಸೇರಿ ಕಲೆಯಾಗುತ್ತದೆ. ಒಡೆದು ಅಂಟಿಸಿದ ಪಾತ್ರೆಯ ರಾಳ ಅನೇಕ ವೇಳೆ ನೇರಳಾತೀತ ದೀಪದಲ್ಲಿ ಬೇರೆ ಬಣ್ಣದಲ್ಲಿ ಬೆಳಗಿ ಸಿಕ್ಕಿಬೀಳುತ್ತದೆ.

ತಳದ ಮುದ್ರೆ ಕಾಲವನ್ನು ಊಹಿಸಲು ನೆರವಾಗುತ್ತದೆ. ಅಮೆರಿಕದ ಸುಂಕ ಕಾನೂನಿನಂತೆ 1891ರಿಂದ ಅಲ್ಲಿಗೆ ಹೋಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕಾಯಿತು. ಜಪಾನಿನ ಸರಕಿನ ಮೇಲೆ ‘ನಿಪ್ಪಾನ್’ ಎಂದಿದ್ದರೆ ಅದು ಸಾಮಾನ್ಯವಾಗಿ 1921ಕ್ಕಿಂತ ಹಿಂದಿನದು. ಆದರೆ ಮುದ್ರೆಗಳನ್ನು ನಕಲು ಮಾಡುವುದು ಹಳೆಯ ಚಾಳಿ. ಮೈಸೆನ್‌ನ ಜೋಡಿ ಕತ್ತಿಯ ಗುರುತನ್ನು ಅನುಕರಿಸಿದವರು ಹಲವರು. ಮುದ್ರೆ ವಯಸ್ಸು ಹೇಳೀತು, ಸುರಕ್ಷತೆಯನ್ನಲ್ಲ.

ಪರೀಕ್ಷೆ ಹೇಗೆ?

ಪ್ರಯೋಗಾಲಯದಲ್ಲಿ ಪಾತ್ರೆಗೆ ಶೇಕಡ 4ರ ಅಸಿಟಿಕ್ ಆಮ್ಲ ತುಂಬಿ, 22 ಡಿಗ್ರಿಯಲ್ಲಿ 24 ಗಂಟೆ ಇಟ್ಟು, ಹೊರಬಂದ ಸೀಸ ಮತ್ತು ಕ್ಯಾಡ್ಮಿಯಂ ಅಳೆಯುತ್ತಾರೆ. ಯೂರೋಪಿನ 1984ರ ನಿರ್ದೇಶನ ಆಳವಾದ ಊಟದ ಪಾತ್ರೆಗಳಿಗೆ ಲೀಟರಿಗೆ 4 ಮಿಲಿಗ್ರಾಂ ಸೀಸದ ಮಿತಿ ಹಾಕಿತು. ಎಕ್ಸ್-ಕಿರಣ ಪ್ರತಿದೀಪ್ತಿ ಉಪಕರಣ ಪಾತ್ರೆಯಲ್ಲಿ ಸೀಸ ಇದೆಯೇ ಎಂದು ತಿಳಿಸುತ್ತದೆ. ಎಷ್ಟು ಹೊರಬರುತ್ತದೆ ಎಂದು ತಿಳಿಸುವುದಿಲ್ಲ. ಮನೆಯಲ್ಲಿ ಬಳಸುವ ಬಣ್ಣ ಬದಲಾಗುವ ಕಡ್ಡಿಗಳು ಸೀಸ ತೋರಿಸಿದರೆ ಪಾತ್ರೆಯನ್ನು ಊಟದಿಂದ ದೂರವಿಡಿ. ತೋರಿಸದಿದ್ದರೆ ಸೀಸ ಇಲ್ಲವೇ ಇಲ್ಲ ಎಂದು ತಿಳಿಯಬೇಡಿ.

ಆಯ್ಕೆಯ ಸಾರಾಂಶ

ಬಿರುಕಿಲ್ಲದ ಗಟ್ಟಿ ಪಿಂಗಾಣಿ, ಬರಿಯ ಬಿಳಿ ಅಥವಾ ಮೆರುಗಿನ ಕೆಳಗಿನ ನೀಲಿ ಚಿತ್ರ ಇರುವಂಥದು ಊಟದ ಮೇಜಿಗೆ ಉಳಿದವುಗಳಿಗಿಂತ ಮೇಲು. ಬಣ್ಣ ಹೊರ ಅಂಚಿನಲ್ಲಿ ಮಾತ್ರ ಇರುವ ತಟ್ಟೆಗಳನ್ನು, ಹಳೆಯ ಬೋನ್ ಚೈನಾವನ್ನು ಬಿಸ್ಕತ್ತು, ಸಿಪ್ಪೆಯಿರುವ ಹಣ್ಣು, ಒಣ ತಿಂಡಿ ಇಡಲು ಅಪರೂಪಕ್ಕೆ ಬಳಸಬಹುದು. ನಡುವೆ ಮೇಲ್ಬಣ್ಣದ ಚಿತ್ರವಿರುವುದು, ಬಣ್ಣ ಸವೆದದ್ದು, ಬಿರುಕು ಬಿಟ್ಟದ್ದು ಕಪಾಟಿನಲ್ಲಿರಲಿ. ಯಾವ ಹಳೆಯ ಪಾತ್ರೆಯಲ್ಲೂ ಉಪ್ಪಿನಕಾಯಿ, ಮೊಸರು, ಹಣ್ಣಿನ ರಸ ತುಂಬಿಡಬೇಡಿ. ಚಿಕ್ಕ ಮಕ್ಕಳ ಮತ್ತು ಗರ್ಭಿಣಿಯರ ದಿನನಿತ್ಯದ ಊಟಕ್ಕೆ ಸ್ಟೀಲ್ ತಟ್ಟೆಯೇ ಲೇಸು.

ಚಿನ್ನದ ಅಂಚಿನ ಪಾತ್ರೆಯನ್ನು ಮೈಕ್ರೋವೇವ್ ಒಲೆಯಲ್ಲಿಟ್ಟರೆ ಕಿಡಿ ಹಾರುತ್ತದೆ. ಪಾತ್ರೆ ತೊಳೆಯುವ ಯಂತ್ರದ ಕ್ಷಾರೀಯ ಪುಡಿ ಮೇಲ್ಬಣ್ಣವನ್ನು ಸವೆಸುತ್ತದೆ. ಕೈಯಿಂದ, ಮೆತ್ತನೆಯ ಬಟ್ಟೆಯಿಂದ ತೊಳೆದು, ತಟ್ಟೆಗಳ ನಡುವೆ ಕಾಗದವಿಟ್ಟು ಜೋಡಿಸಿದರೆ ಅವು ಇನ್ನೂ ನೂರು ವರ್ಷ ಬಾಳುತ್ತವೆ.